ಗಂಗಿಗಡ್ಡಿಯ ನಲವತ್ತು ಸೆಕೆಂಡ್

2025ರ ಫೆಬ್ರವರಿ 10, ಸೋಮವಾರ. ಬೆಳಗ್ಗೆ 9.20ಕ್ಕೆ ಸುರಪುರ ಠಾಣೆಗೆ ಒಬ್ಬ ಹೆಂಗಸು ಒಡೆದ ಹರಗೋಲಿನ ತುಂಡೊಂದನ್ನು ತಲೆಯ ಮೇಲೆ ಹೊತ್ತು ಬಂದಳು. ಬಿದಿರಿನ ಹೆಣಿಗೆ, ಅದರ ಮೇಲಿನ ಡಾಂಬರು ಬಳಿದ ತಾಡಪಾಲು, ಎರಡೂ ಕೊಡಲಿ ಏಟಿಗೆ ಸೀಳಿದ್ದವು. ಬಿದಿರಿಗೆ ಪತ್ರಿಕೆಯ ತುಣುಕೊಂದನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು. ಅದರಲ್ಲಿ ಒಂದು ಫೋಟೋ: ನಸುಕಿನ ಬೆಳಕು, ಕೃಷ್ಣಾ ನದಿಯ ಪಾತ್ರ, ನೀರಿಗಿಳಿದ ಮೂರು ಟಿಪ್ಪರ್.

ಇನ್‌ಸ್ಪೆಕ್ಟರ್ ಶಾಂತಾದೇವಿ ಆ ತುಂಡನ್ನು ಮೇಜಿನ ಮೇಲೆ ಇಡಿಸಿದಳು. ಮೇಜು ಒದ್ದೆಯಾಯಿತು.

"ಹೆಸರು?"

"ಸುಗಲಮ್ಮ. ಗಂಗಿಗಡ್ಡಿ. ಹೊಳ್ಯಾಗ ಮೀನ ಹಿಡೀತೀವ್ರಿ ಬಾಯಾರ."

"ಯಾರ ಮ್ಯಾಲ ಅನುಮಾನ?"

"ಅನುಮಾನ ಅಲ್ರಿ, ಗೊತ್ತೇ ಅದ. ಉಸುಕಿನ ಟಿಪ್ಪರ್‌ದವರು. ಈ ಫೋಟೋ ತಗದಾಕಿ ನಾ."

"ನೀ ತಗದಿ ಅಂತ ಅವರಿಗೆ ಯಾರು ಹೇಳಿದ್ರು?"

"ಅದನ್ನ ಕೇಳಾಕ ಬಂದೀನಿ. ಹೆಸರು ಯಾರಿಗೂ ಗೊತ್ತಾಗಲ್ಲ ಅಂತ ಪೇಪರಿನವರು ಅಂದಿದ್ರು. ಹರಗೋಲು ಇನ್ನೊಂದು ಹೆಣೀತೀನ್ರಿ, ಅದೇನು ದೊಡ್ಡದಲ್ಲ. ಹೇಳಿದಾಂವ ಯಾರಂತ ಗೊತ್ತಾಗದ ನಾ ಒಬ್ಬಾಕಿ ನಾಕು ಗಂಟೆಗೆ ನೀರಿಗೆ ಹ್ಯಾಂಗ ಇಳೀಲಿ? ಬೆನ್ನು ಯಾರ ಕಡೆ ಮಾಡ್ಲಿ?"

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 31/2025. ಆಸ್ತಿ ಹಾನಿ, ಜೀವ ಬೆದರಿಕೆ.

ಮಧ್ಯಾಹ್ನ ಗಂಗಿಗಡ್ಡಿಯಲ್ಲಿ ಸ್ಥಳ ಪಂಚನಾಮೆ. ದಂಡೆಯ ಮೇಲೆ ಹನ್ನೊಂದು ಹರಗೋಲುಗಳನ್ನು ಒಂದೇ ಸಾಲಿನಲ್ಲಿ ಬೋರಲು ಹಾಕಿದ್ದರು. ಹತ್ತು ಹಾಗೇ ಇದ್ದವು. ಏಳನೆಯದು ಮಾತ್ರ ಚೂರಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಇಸ್ಮಾಯಿಲಸಾಬ ಸಾಲನ್ನು ಎರಡು ಸಲ ಎಣಿಸಿದ.

"ಫೋಟೋ ನೀರಿನ ಕಡಿಂದ ತಗದದ್ದು ಅಂತ ನೋಡಿದವರಿಗೆ ಯಾರಿಗಾದ್ರೂ ತಿಳೀತದ್ರಿ ಮೇಡಂ. ಅಂದ್ರ ಹನ್ನೊಂದು ಮನಿ ಮ್ಯಾಲ ಅನುಮಾನ ಬರ್ಬೇಕು. ಇವ್ರು ಏಳನೇದಕ್ಕ ಸೀದಾ ಬಂದಾರ."

"ಹೌದು," ಎಂದಳು ಶಾಂತಾದೇವಿ. "ಒಡದವರನ್ನ ಹುಡುಕೂದು ಒಂದು ದಿನದ ಕೆಲಸ. ಹೇಳಿದವನನ್ನ ಹುಡುಕೂದು ಕೇಸು."

ಒಂದು ದಿನವೇ ಸಾಕಾಯಿತು. ಭಾನುವಾರ ರಾತ್ರಿ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸಿಕ್ಕ ಬೈಕಿನ ನಂಬರು ಇಬ್ಬರು ಕೂಲಿಗಳನ್ನು ತೋರಿಸಿತು. ಆ ಇಬ್ಬರು ಉಸುಕಿನ ರಾಶಿಯ ಸೂಪರ್‌ವೈಸರ್ ಶ್ರೀಮಂತನನ್ನು ತೋರಿಸಿದರು. ಫೆಬ್ರವರಿ 11ರ ಸಂಜೆ 4 ಗಂಟೆಗೆ ಶ್ರೀಮಂತ ಠಾಣೆಯ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದ.

"ಏಳನೇದನ್ನ ಯಾಕ ಒಡಿಸ್ದಿ?"

"ಕೈಗೆ ಸಿಕ್ಕಿದ್ದು ಒಡದಿರ್ಬೇಕ್ರಿ ಹುಡುಗ್ರು."

"ಕೈಗೆ ಸಿಗೂದು ಮೊದಲನೇದು. ಆರು ದಾಟಿ ಹೋಗ್ಯಾರ. ಯಾರು ಹೇಳಿದ್ರು?"

"ಮಂದಿ ಯಾಕ ಹೇಳ್ಬೇಕು, ಫೋನ ಹೇಳ್ತದ್ರಿ. ಮುಚ್ಚಿ ಕಳಿಸ್ತೀವಿ ಅಂತಾರ, ಅದು ಮುಚ್ಚಂಗಿಲ್ಲ. ಈಕಿ ಅಲ್ದ ಇನ್ನ ಇಬ್ಬರದೂ ಅದ ನನ್ನ ಕಡೆ."

ಹೆಚ್ಚು ಹೇಳಿಬಿಟ್ಟೆ ಎನ್ನುವುದು ಅವನ ಮುಖದಲ್ಲೇ ಕಾಣಿಸಿತು. ವಕೀಲರು ಬಂದ ಮೇಲೆ ಅವನು ನೀರು ಕೇಳಲಿಕ್ಕೂ ಬಾಯಿ ತೆರೆಯಲಿಲ್ಲ. ಮರುದಿನ ಅವನೂ ಇಬ್ಬರು ಕೂಲಿಗಳೂ ನ್ಯಾಯಾಂಗ ಬಂಧನಕ್ಕೆ ಹೋದರು. ಆದರೆ ಇನ್ನಿಬ್ಬರ ಹೆಸರು ಹೊರಗೆ ಯಾರ ಯಾರ ಕಿವಿಗೆ ಬಿದ್ದಿದೆಯೋ ಗೊತ್ತಿರಲಿಲ್ಲ. ಗಂಗಿಗಡ್ಡಿಗೆ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಹಾಕಲಾಯಿತು.

ಫೆಬ್ರವರಿ 12, ಬೆಳಗ್ಗೆ 11. ಫೋಟೋ ಅಚ್ಚಾಗಿದ್ದು ಯಾದಗಿರಿಯ ಒಂದು ವಾರಪತ್ರಿಕೆಯಲ್ಲಿ. ಸಂಪಾದಕ ಹಣಮಂತ್ರಾಯ ಎರಡು ಕೋಣೆಯ ಕಚೇರಿಯಲ್ಲಿ ತಾನೇ ಕಸ ಗುಡಿಸುತ್ತಿದ್ದ. ಪತ್ರಿಕೆಗೆ ಒಂದು ಗುಟ್ಟಿನ ಪೆಟ್ಟಿಗೆ ಇತ್ತು. ಅದು ಅಂತರ್ಜಾಲದಲ್ಲಿರುವ ಒಂದು ವಿಳಾಸ. 'ಒಳದಾರಿ' ಎಂಬ ಆ್ಯಪ್ ಹಾಕಿಕೊಂಡವರು ಅದಕ್ಕೆ ಫೋಟೋ, ಮಾಹಿತಿ ಏನು ಬೇಕಾದರೂ ಹಾಕಬಹುದು.

"ಕಳಿಸಿದವರು ಯಾರಂತ ನನಗ ಗೊತ್ತಿಲ್ರಿ. ಗೊತ್ತಾಗಬಾರದಂತನ ಅದನ್ನ ಹಾಕ್ಕೊಂಡೀನಿ. ನೀವು ನನ್ನ ಒಳಗ ಹಾಕಿ ಬಡದ್ರೂ ಬಾಯಾಗಿಂದ ಬರೂದು ಏನೂ ಇಲ್ಲ."

"ಬಡಿಯೂದು ಆಮ್ಯಾಲ ನೋಡೂಣು. ಈ ಒಳದಾರಿ ಯಾರದು?"

"ಯಾರದೂ ಅಲ್ರಿ. ಎಲ್ಲರದೂ."

"ಎಲ್ಲರದೂ ಅಂದ್ರ ಸಮನ್ಸ್ ಯಾರಿಗೆ ಕೊಡ್ಲಿ?"

ಹಣಮಂತ್ರಾಯ ನಕ್ಕು ಒಂದು ಹೆಸರು ಬರೆದುಕೊಟ್ಟ. ನಜೀಮಾ, ಪ್ರಯೋಗಾಲಯ ಬೋಧಕಿ, ರಂಗಂಪೇಟೆಯ ಒಂದು ಡಿಪ್ಲೊಮಾ ಕಾಲೇಜು.

ಮಧ್ಯಾಹ್ನ 3 ಗಂಟೆಗೆ ನಜೀಮಾ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಕುಳಿತಿದ್ದಳು. ಮೂವತ್ತರ ಒಳಗಿನ ವಯಸ್ಸು. ಪೊಲೀಸರನ್ನು ಕಂಡು ಎದ್ದು ನಿಂತಳು, ಆದರೆ ಹೆದರಿದಂತೆ ಕಾಣಲಿಲ್ಲ.

ಒಳದಾರಿಯ ಮೂಲ ಬರಹ, ಅಂದರೆ ಅದು ಹೇಗೆ ಕೆಲಸ ಮಾಡಬೇಕೆಂದು ಬರೆದ ಲಕ್ಷಗಟ್ಟಲೆ ಸಾಲು, ಎಲ್ಲರಿಗೂ ತೆರೆದಿದೆ ಎಂದು ಅವಳು ಹೇಳಿದಳು. ಯಾರು ಬೇಕಾದರೂ ಓದಬಹುದು, ತಪ್ಪು ಸಿಕ್ಕರೆ ದೋಷಪಟ್ಟಿಯಲ್ಲಿ ಬರೆಯಬಹುದು, ತಿದ್ದಿ ಕಳಿಸಬಹುದು. ಹತ್ತು ಹನ್ನೆರಡು ದೇಶಗಳ ಮಂದಿ ಹಾಗೆ ಮಾಡುತ್ತಾರೆ. ಅವಳು ನಾಲ್ಕು ವರ್ಷಗಳಿಂದ ಕಾಲೇಜು ಬಿಟ್ಟ ಮೇಲೆ ದಿನಾ ಎರಡು ತಾಸು ಅದನ್ನೇ ಮಾಡುತ್ತಾಳೆ.

"ತೆರದಿಟ್ರ ಕಳ್ಳರೂ ಓದ್ತಾರಲ್ಲ?"

"ಓದ್ತಾರ್ರಿ. ಅದಕ್ಕ ನಾವು ಅವರಕಿಂತ ಮದ್ಲ ಓದ್ಬೇಕು."

"ಇದು ಹೆಸರ ಹ್ಯಾಂಗ ಮುಚ್ತದ?"

ನಜೀಮಾ ಒಂದು ಉತ್ತರಪತ್ರಿಕೆ ಎತ್ತಿ ತೋರಿಸಿದಳು. "ಪರೀಕ್ಷಾದಾಗ ಹುಡುಗರ ನಂಬರ್ ಮುಚ್ಚಿ ಮ್ಯಾಲ ಬ್ಯಾರೆ ನಂಬರ್ ಹಾಕ್ತೀವಲ್ರಿ? ಹಾಕಿದವರಿಗೆ ಹುಡುಗ ಗೊತ್ತು, ಒಳಗಿನ ಉತ್ತರ ಗೊತ್ತಿಲ್ಲ. ತಿದ್ದೋರಿಗೆ ಉತ್ತರ ಗೊತ್ತು, ಹುಡುಗ ಗೊತ್ತಿಲ್ಲ. ಹಂಗ. ಫೋನಿನಿಂದ ಹೊಂಟದ್ದು ಮೂರು ಕಂಪ್ಯೂಟರ್ ದಾಟಿ ಹೋಗ್ತದ. ಮೂರರಾಗ ಯಾವುದಕ್ಕೂ ಪೂರಾ ಗೊತ್ತಿರಲ್ಲ."

"ಮತ್ತ ಈ ಸುಗಲಮ್ಮನ ಹೆಸರು ಹ್ಯಾಂಗ ಗೊತ್ತಾತು?"

"ಆಕಿ ಯಾರಿಗಾದ್ರೂ ಬಾಯಿ ಬಿಟ್ಟಿರ್ಬೇಕು."

"ಇನ್ನಿಬ್ಬರೂ ಬಾಯಿ ಬಿಟ್ರೇನು? ಮುಚ್ಚೂದು ತಪ್ಪೇತಿ ಅಂತ ಯಾರಾದ್ರೂ ಯಾವಾಗರ ಹೇಳಿದ್ರಾ ನಿಮಗ?"

ನಜೀಮಾ ಉತ್ತರಪತ್ರಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕಂಪ್ಯೂಟರ್ ತೆರೆದು ದೋಷಪಟ್ಟಿಯಲ್ಲಿ ಹುಡುಕಿದಳು. ಹುಡುಕುವುದು ಬೇಕಿರಲಿಲ್ಲ, ಅವಳಿಗೆ ನೆನಪಿತ್ತು ಎಂದು ಶಾಂತಾದೇವಿಗೆ ಅನ್ನಿಸಿತು.

'ಕಂಬ47' ಎಂಬ ಹೆಸರಿನಲ್ಲಿ ಯಾರೋ ಮೂರು ದೂರು ಬರೆದಿದ್ದರು. 2024ರ ಜೂನ್, ಸೆಪ್ಟೆಂಬರ್, ಡಿಸೆಂಬರ್. ಮೂರರದ್ದೂ ಒಂದೇ ಮಾತು: ಕೆಲವೊಮ್ಮೆ ಆ್ಯಪ್ ತಾನು ಹೋಗಬೇಕಾದ ವಿಳಾಸವನ್ನು ಒಳದಾರಿ ಬಿಟ್ಟು ಹೊರಗೆ, ಬಯಲಲ್ಲಿ ಕೇಳುತ್ತಿದೆ. ಯಾರ ಫೋನು ಯಾವ ಪೆಟ್ಟಿಗೆಯನ್ನು ಹುಡುಕುತ್ತಿದೆ ಎನ್ನುವುದು ವೈಫೈ ಕೊಡುವವನಿಗೆ ಕಾಣುತ್ತದೆ. ಮೊದಲ ಎರಡು ದೂರುಗಳನ್ನು ಹೊರದೇಶದ ಯಾರೋ 'ನಮ್ಮಲ್ಲಿ ಹೀಗಾಗುತ್ತಿಲ್ಲ' ಎಂದು ಮುಚ್ಚಿದ್ದರು. ಮೂರನೆಯದರ ಕೆಳಗೆ ಹೀಗಿತ್ತು: 'ವೈಫೈ ಆರಿಸಿ, ಹಚ್ಚಿ, ಹನ್ನೆರಡು ಸಲ ನೋಡಿದೆ. ಸೋರಿಕೆ ಇಲ್ಲ. ಮುಚ್ಚುತ್ತಿದ್ದೇನೆ.'

"ಇದನ್ನ ಮುಚ್ಚಿದವರು?"

"ನಾನ್ರಿ."

"ಎಲ್ಲಿ ಹಿಂಗಾಗ್ತದ ಅಂತ ಅವನಿಗೆ ಕೇಳಿದ್ರೇನು?"

"ಯಾವ ಫೋನ್ ಅಂತ ಕೇಳಿದೆ. ಆ್ಯಪ್ ಯಾವ ಆವೃತ್ತಿ ಅಂತ ಕೇಳಿದೆ." ಅವಳು ಪರದೆಯ ಮೇಲಿನ ತನ್ನ ಸಾಲನ್ನು ಮತ್ತೊಮ್ಮೆ ಓದಿದಳು. "ಯಾವ ಊರು ಅಂತ ಕೇಳಲಿಲ್ಲ."

ಇಸ್ಮಾಯಿಲಸಾಬ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವನು ಪರದೆಯ ಹತ್ತಿರ ಬಗ್ಗಿದ. ದೂರಿನ ಇಂಗ್ಲಿಷ್ ಅವನಿಗೆ ಅಷ್ಟಾಗಿ ಹತ್ತಲಿಲ್ಲ. ಸೋರಿಕೆ ಕಂಡ ಹೊತ್ತೆಂದು ಪಕ್ಕದಲ್ಲಿ ಕೊಟ್ಟಿದ್ದ ಸಮಯ ಮಾತ್ರ ಓದಿದ. ಬೆಳಗ್ಗೆ 6.01. ಬೆಳಗ್ಗೆ 6.02. ಬೆಳಗ್ಗೆ 6.01.

"ಇದು ತ್ರೀಫೇಸ್ ಬರೋ ಹೊತ್ತಲ್ರಿ ಮೇಡಂ."

ಇಬ್ಬರೂ ಅವನ ಕಡೆ ನೋಡಿದರು.

"ಹತ್ತಿಕುಣಿಯಾಗ ನಮ್ಮ ಅಣ್ಣನ ಹೊಲ ಅದ. ಆರಕ್ಕ ಮೋಟರಿಗೆ ತ್ರೀಫೇಸ್ ಬಿಡ್ತಾರ. ಸಿಂಗಲ್ ಫೇಸ್ ತಗದು ತ್ರೀಫೇಸ್ ಕೊಡೂಮುಂದ ಒಮ್ಮೆ ಕರೆಂಟ್ ಹೋಗಿ ಬರ್ತದ. ಹೊಲದ ಲೈನೂ ಊರ ಲೈನೂ ಒಂದೇ ಇದ್ದ ಕಡೆ ಊರೂ ಆರ್ತದ. ನಮ್ಮ ಅತ್ತಿಗಿ ಆ ಟೈಮಿಗೆ ಮಿಕ್ಸರ್ ಹಚ್ಚಂಗಿಲ್ಲ."

"ಇಲ್ಲಿ ಆಗಲ್ಲೇನು?" ಶಾಂತಾದೇವಿ ನಜೀಮಾಳನ್ನು ಕೇಳಿದಳು.

"ಲ್ಯಾಬಿಗೆ ಯುಪಿಎಸ್ ಅದರಿ," ಎಂದಳು ನಜೀಮಾ. ಅವಳ ಕಣ್ಣಲ್ಲಿ ಈಗ ಬೇರೆಯೇ ಏನೋ ಇತ್ತು. ತಪ್ಪಿತಸ್ಥ ಭಾವವನ್ನು ಕುತೂಹಲ ಪಕ್ಕಕ್ಕೆ ಸರಿಸುವುದನ್ನು ಶಾಂತಾದೇವಿ ಕಳ್ಳರ ಮುಖದಲ್ಲಿ ನೋಡಿದ್ದಳು, ಬೋಧಕಿಯರ ಮುಖದಲ್ಲಿ ಇದೇ ಮೊದಲು. "ಆದ್ರ ಕರೆಂಟ್ ಹೋದ್ರ ವೈಫೈನೂ ಹೋಗ್ಬೇಕು. ವೈಫೈ ಹೋದ್ರ ಆ್ಯಪ್ ಸುಮ್ನ ಕುಂದರ್ತದ. ಅದನ್ನ ನಾ ನೋಡೀನಿ. ನಾ ಆ ಊರಿಗೆ ಬರಬಹುದೇನ್ರಿ?"

ಫೆಬ್ರವರಿ 13, ಬೆಳಗ್ಗೆ 5.40. ಗಂಗಿಗಡ್ಡಿಯಲ್ಲಿ ಮೊಬೈಲ್ ಟವರ್ ಸಿಗುವುದಿಲ್ಲ. ಊರ ಕಟ್ಟೆಯ ಪಕ್ಕದ ವಿದ್ಯುತ್ ಕಂಬಕ್ಕೆ ಶಹಾಪುರದ ಒಂದು ಕೇಬಲ್ ಕಂಪನಿ ವೈಫೈ ಪೆಟ್ಟಿಗೆ ಕಟ್ಟಿದೆ. ಅದರ ಕೆಳಗೆ ಕುಳಿತರೆ ಮಾತ್ರ ನೆಟ್. ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿತ್ತು. 47.

ಪಂಚರಾಗಿ ಶಾಲೆಯ ಮೇಷ್ಟ್ರು ಮತ್ತು ಪಂಚಾಯಿತಿಯ ಕರವಸೂಲಿಗಾರ ಬಂದಿದ್ದರು. ಸುಗಲಮ್ಮ ಫೋನು ಹಿಡಿದು ಕಟ್ಟೆಯ ಮೇಲೆ ಕುಳಿತಳು.

"ಏನಿನ ಫೋಟೋ ಕಳಿಸ್ಲಿ?"

"ಏನರ ಕಳಿಸವ್ವ. ಆ ಎಮ್ಮಿದು ಕಳಿಸು."

"ಎಮ್ಮಿ ಏನ ಮಾಡೇದ್ರಿ ಪೇಪರಿನಾಗ ಬರೂದಕ್ಕ," ಎಂದು ಸುಗಲಮ್ಮ ಗೊಣಗಿ ಫೋಟೋ ತೆಗೆದಳು.

ಏಣಿ ಹತ್ತಿದ ಇಸ್ಮಾಯಿಲಸಾಬ ವೈಫೈ ಪೆಟ್ಟಿಗೆಯ ಹಿಂದೆ ಇನ್ನೊಂದನ್ನು ಕಂಡ. ಹಳೆಯ ಬೈಕಿನ ಬ್ಯಾಟರಿ, ಸೈಕಲ್ ಟ್ಯೂಬಿನಿಂದ ಬಿಗಿದಿತ್ತು. ಕೇಳಿದರೆ ಊರವರೆಲ್ಲ ಒಂದೇ ಉತ್ತರ ಕೊಟ್ಟರು: ಕೇಬಲ್ ಕಂಪನಿಯ ಲೈನಿನ ತಿರುಪತಿ ಕಟ್ಟಿದ್ದು, ಕರೆಂಟ್ ಹೋದಾಗ ನೆಟ್ ಹೋಗಬಾರದು ಅಂತ.

6.01ಕ್ಕೆ ಕಟ್ಟೆಯ ಬಲ್ಬು ಆರಿತು. ವೈಫೈ ಪೆಟ್ಟಿಗೆಯ ಹಸಿರು ದೀಪ ಬ್ಯಾಟರಿಯ ಬಲದ ಮೇಲೆ ಉರಿಯುತ್ತಲೇ ಇತ್ತು. ಬಲ್ಬು ಮರಳಿ ಹತ್ತಿತು.

"ವೈಫೈ ಅದ," ಎಂದಳು ನಜೀಮಾ, ಕಂಬದ ಪೆಟ್ಟಿಗೆಗೆ ತಂತಿ ಜೋಡಿಸಿದ್ದ ಮಡಿಲಿನ ಲ್ಯಾಪ್‌ಟಾಪ್ ನೋಡುತ್ತ. "ಆದ್ರ ನೆಟ್ ಇಲ್ಲ. ಇಲ್ಲಿಗೆ ನೆಟ್ ಕಳಿಸೂ ಮುಂದಿನ ಊರಿನ ಪೆಟ್ಟಿಗಿಗೆ ಬ್ಯಾಟರಿ ಇಲ್ಲ. ಅದು ಆರಿ ಮತ್ತ ಎದ್ದೇಳಾಕತ್ತದ. ಎಣಸ್ರಿ."

ಇಸ್ಮಾಯಿಲಸಾಬ ಏಣಿಯ ಮೇಲಿಂದಲೇ ಎಣಿಸತೊಡಗಿದ. ಸುಗಲಮ್ಮನ ಫೋನಿನಲ್ಲಿ ಒಳದಾರಿ ದಾರಿ ಹುಡುಕಿತು, ಸಿಗಲಿಲ್ಲ. ಮತ್ತೆ ಹುಡುಕಿತು. ಮೂರನೆಯ ಸಲವೂ ಸಿಗದಿದ್ದಾಗ ಅದು ಮಾಡಬಾರದ ಕೆಲಸ ಮಾಡಿತು: ಹತ್ತಿರವಿದ್ದ ಕಂಬದ ಪೆಟ್ಟಿಗೆಯನ್ನೇ ನೇರವಾಗಿ ವಿಳಾಸ ಕೇಳಿತು. ಪೆಟ್ಟಿಗೆ ತನ್ನ ಪಟ್ಟಿಯಲ್ಲಿ ಬರೆದುಕೊಂಡಿತು. ನಲವತ್ತಕ್ಕೆ ನೆಟ್ ಬಂದಾಗ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ನಿಂತಿತ್ತು. ಸಮಯ, ಪತ್ರಿಕೆಯ ಗುಟ್ಟಿನ ಪೆಟ್ಟಿಗೆಯ ವಿಳಾಸ, ಫೋನಿನ ಗುರುತು. ತಿರುಪತಿ ಫೋನುಗಳನ್ನು ನಂಬರಿನಿಂದ ಗುರುತಿಸುತ್ತಿರಲಿಲ್ಲ. ಊರಲ್ಲಿ ಕರೆಯುವಂತೆಯೇ ಬರೆದಿದ್ದ: 'ಹರಗೋಲ ಸುಗಲಮ್ಮ'.

ಸುಗಲಮ್ಮ ಬಗ್ಗಿ ನೋಡಿದಳು. "ಅದು ನನ್ನ ಹೆಸರೇನು?"

"ಹೌದವ್ವ."

ನಜೀಮಾ ಹಿಂದಿನ ಸಾಲುಗಳನ್ನು ಇಳಿಸುತ್ತ ಹೋದಳು. ಜೂನಿನಿಂದ ಅಂಥ ಸಾಲು ಹತ್ತೊಂಬತ್ತು, ಹೆಸರು ಮೂರು. ಇಡೀ ಪಟ್ಟಿಯನ್ನು ಕೊನೆಯ ಸಲ ಹೊರತೆಗೆದದ್ದು ಫೆಬ್ರವರಿ 7ರ ಸಂಜೆ 5.12ಕ್ಕೆ, ಕಂಪನಿಯ ತಂತ್ರಜ್ಞ ತಿರುಪತಿಯ ಫೋನಿನಿಂದ.

ತಕರಾರು ಬಂದದ್ದು ಪಂಚನಾಮೆ ಬರೆಯುವಾಗ.

"ಈ ದೋಷ ಹ್ಯಾಂಗ ಆಗ್ತದ ಅಂತ ಬರೀಬ್ಯಾಡ್ರಿ," ಎಂದಳು ನಜೀಮಾ.

"ಬರೀದಿದ್ರ ಸಾಕ್ಷಿ ಎಲ್ಲಿ ಉಳೀತದ?"

"ಬರದ್ರ ಅದು ಕೋರ್ಟಿಗೆ ಹೋಗ್ತದ, ಶ್ರೀಮಂತನ ವಕೀಲರ ಕೈಗೆ ಹೋಗ್ತದ. ಈ ಕಂಬ ಒಂದೇ ಅಲ್ರಿ. ಇಂಥಾ ಬ್ಯಾಟರಿ ಎಷ್ಟು ಕಂಬಕ್ಕ ಅದಾವೋ, ಎಷ್ಟು ದೇಶದಾಗ ಅದಾವೋ. ತಿದ್ದೂದಕಿಂತ ಮದ್ಲ ಗೊತ್ತಾದ್ರ ಎಲ್ಲಾ ಕಡೆ ಇಂಥಾ ಪಟ್ಟಿ ತಗೀತಾರ. ಮೂರು ದಿನ ಕೊಡ್ರಿ. ನಾ ತಿದ್ತೀನಿ, ಉಳಿದವರು ಪರೀಕ್ಷೆ ಮಾಡ್ತಾರ, ಹೊಸ ಆವೃತ್ತಿ ಹೊರಗ ಬರ್ತದ. ಆಮ್ಯಾಲ ಬೇಕಾದಷ್ಟು ಬರ್ಕೋರಿ."

"ಅಷ್ಟರೊಳಗ ಆ ತಿರುಪತಿ ಓಡಿ ಹೋದ್ರ?"

"ಅದು ನಿಮ್ಮ ಕೆಲಸ ಅಲ್ರೇನ್ರಿ?"

ಶಾಂತಾದೇವಿಗೆ ಈ ಉತ್ತರ ಹಿಡಿಸಿತು, ತೋರಿಸಿಕೊಳ್ಳಲಿಲ್ಲ. ಪಂಚನಾಮೆಯಲ್ಲಿ ಪೆಟ್ಟಿಗೆ ಮತ್ತು ಬ್ಯಾಟರಿಯನ್ನು ಜಪ್ತಿ ಮಾಡಿದ್ದನ್ನಷ್ಟೇ ಬರೆಯಲಾಯಿತು. ತಾಂತ್ರಿಕ ವಿವರಣೆಯನ್ನು ಪರಿಣತರು ಮುಚ್ಚಿದ ಲಕೋಟೆಯಲ್ಲಿ ಕೊಡುವರೆಂದು ಒಂದು ಸಾಲು ಸೇರಿತು. ಕಂಬ ಬರಿದಾಯಿತು. ಗಂಗಿಗಡ್ಡಿ ನೆಟ್ ಇಲ್ಲದೆ ಕುಳಿತಿತು, ಬೈಗುಳವೆಲ್ಲ ಕಾವಲಿಗಿದ್ದ ಕಾನ್‌ಸ್ಟೆಬಲ್‌ಗಳಿಗೆ ಬಿತ್ತು. ತಿರುಪತಿಗೆ ಸುಳಿವು ಸಿಗದಿರಲೆಂದು, ಪೆಟ್ಟಿಗೆ ಸುಟ್ಟಿದೆ, ಬೇರೆಯದು ಬರಬೇಕು ಎಂದು ಕಂಪನಿಗೆ ಹೇಳುವಂತೆ ಮೇಷ್ಟ್ರಿಗೆ ತಾಕೀತಾಯಿತು.

ಫೆಬ್ರವರಿ 14ರಂದು ಕರೆ ವಿವರ ಬಂತು. 7ರ ಸಂಜೆ 4.50ಕ್ಕೆ ಶ್ರೀಮಂತ ತಿರುಪತಿಗೆ ಕರೆ ಮಾಡಿದ್ದ. ಇಬ್ಬರ ಫೋನೂ 5.40ರವರೆಗೆ ಶಹಾಪುರದ ಒಂದೇ ಟವರಿನ ಕೆಳಗಿದ್ದವು. ಮಫ್ತಿಯಲ್ಲಿದ್ದ ಒಬ್ಬ ಕಾನ್‌ಸ್ಟೆಬಲ್ ಎರಡು ದಿನ ತಿರುಪತಿಯ ಹಿಂದೆ ಅಲೆದು, ಅವನು ಕಂಬ ಹತ್ತುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ವರದಿ ಕೊಟ್ಟ.

16, ಭಾನುವಾರ. ಬೆಳಗ್ಗೆ 8.30ಕ್ಕೆ ನಜೀಮಾಳ ಫೋನು ಬಂತು. ತಿದ್ದಿದ್ದು ಹನ್ನೊಂದು ಸಾಲು. ದಾರಿ ಸಿಗದಿದ್ದರೆ ಆ್ಯಪ್ ಈಗ ಯಾರನ್ನೂ ಕೇಳುವುದಿಲ್ಲ, ಸುಮ್ಮನೆ ಕಾಯುತ್ತದೆ. ಹೊಸ ಆವೃತ್ತಿ ರಾತ್ರಿಯೇ ಹೊರಬಿದ್ದಿದೆ.

11.15ಕ್ಕೆ ಶಹಾಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಿರುಪತಿ ಕಂಬದ ಮೇಲಿದ್ದ. ಇಪ್ಪತ್ತೇಳು ವರ್ಷ, ಸೊಂಟಕ್ಕೆ ತಂತಿಯ ಸುರುಳಿ.

"ತಿರುಪತಿ, ಕೆಳಗ ಇಳಿ."

ಅವನು ಸಮವಸ್ತ್ರ ನೋಡಿದ. "ಎರಡು ನಿಮಿಷ ತಡೀರಿ. ಈಗ ಬಿಟ್ರ ಇಡೀ ಓಣಿದು ಹೋಗ್ತದ."

ಶಾಂತಾದೇವಿ ತಡೆದಳು. ಎರಡು ನಿಮಿಷವೇ ಆಯಿತು. ಅವನು ಇಳಿದು, ಕೈ ಒರೆಸಿಕೊಂಡು, ಏನೂ ಕೇಳದೆ ಜೀಪು ಹತ್ತಿದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ, ಗ್ರಾಹಕರ ಮಾಹಿತಿಯನ್ನು ನಂಬಿಕೆ ಮುರಿದು ಹೊರಗೆ ಕೊಟ್ಟದ್ದು. ಜೊತೆಗೆ ಹಾನಿಗೆ ಕುಮ್ಮಕ್ಕು. ಬಂಧನದ ಕಾರಣವನ್ನು ಓದಿ ಹೇಳಿದಾಗ ತಲೆಯಾಡಿಸಿದ.

ಠಾಣೆಯಲ್ಲಿ ರೈಟರ್ ಹೇಳಿಕೆ ಬರೆದುಕೊಳ್ಳುತ್ತಿದ್ದ.

"ಕಂಬ47 ನೀನೇನು?"

"ಹೌದ್ರಿ."

"ಸುಗಲಮ್ಮನ ಫೋನಿಗೆ ಆ ಆ್ಯಪ್ ಹಾಕಿದವರು ಯಾರು?"

"ನಾನ್ರಿ. ಊರಾಗ ಒಂಬತ್ತು ಮಂದಿಗೆ ಹಾಕ್ಕೊಟ್ಟೀನಿ. ಪತ್ರಿಕ್ಯಾಗ ಅದರ ಬಗ್ಗೆ ಬಂದಿತ್ತು, ಛಲೋ ಅದ ಅನಿಸ್ತು. ಆಮ್ಯಾಲ ನೋಡಿದ್ರ ಮೂವರ ಹೆಸರು ನನ್ನ ಪಟ್ಯಾಗ ಬರಾಕತ್ವು. ಬರಬಾರ್ದದು."

"ಅದಕ್ಕ ದೂರು ಬರದಿ."

"ಮೂರು ಸಲ. ಎಂಟು ತಿಂಗಳು. ಮೂರೂ ಸಲ ಮುಚ್ಚಿದ್ರು. ನಾ ಕೆಟ್ಟದಾಗಿ ಬರದೀನೇನೋ ಅಂತ ರಾತ್ರಿ ಕುಂತು ಇಂಗ್ಲಿಷ್ ತಿದ್ದಿ ತಿದ್ದಿ ಬರದೆ. ನಮ್ಮಲ್ಲಿ ಆಗಲ್ಲ ಅಂತಾರ್ರಿ. ನನಗ ದಿನಾ ಕಾಣ್ತದ."

"ಶ್ರೀಮಂತಗ ಯಾಕ ಕೊಟ್ಟಿ?"

"ಚಾದಂಗಡಿಗೆ ಕರದಿದ್ದ. ಆ ಪೆಟ್ಟಿಗಿಗೆ ಹಾಕಿದವರನ್ನ ಯಾರೂ ಹಿಡಿಯಾಕ ಆಗಲ್ಲಂತ, ಭಾಳ ತಲಿ ಇದ್ದೋರು ಮಾಡ್ಯಾರಂತ, ನಿನಗ ಎಲ್ಲಿಂದ ಆಗ್ಬೇಕು ಬಿಡು ಅಂದ. ನಾ ಆಗ್ತದ ಅಂದೆ. ಅವ ನಕ್ಕ. ಪಟ್ಟಿ ತಗದು ತೋರಿಸ್ದೆ."

"ಏನ ಕೊಟ್ಟ?"

"ಏನೂ ಇಲ್ರಿ. ಫೋನ ತಗೊಂಡು ಓದಿ, ತನ್ನ ಫೋನಿನಾಗ ಫೋಟೋ ಹೊಡಕೊಂಡು, ಖರೇ ಅದಲ್ಲೋ ಅಂದ." ತಿರುಪತಿ ಅಂಗೈಯಲ್ಲಿನ ಗೆರೆ ಬಿದ್ದ ಗಾಯವನ್ನು ನೋಡಿಕೊಂಡ. "ಹಂಗ ಅಂದವ ಅವನೇ ಮೊದಲನೆಯವ."

"ಅವ ಏನ ಮಾಡ್ತಾನ ಅಂತ ಗೊತ್ತಿರಲಿಲ್ಲೇನು?"

"ಮನಿ ಮುಟ್ಟೂಮುಂದ ಗೊತ್ತಾತು."

"ಗೊತ್ತಾದ ಮ್ಯಾಲ?"

ರೈಟರ್ 'ಮೌನ' ಎಂದು ಬರೆದ.

ಹೇಳಿಕೆ ಕೊಡಲು ಬಂದಿದ್ದ ನಜೀಮಾ ಬಾಗಿಲಲ್ಲಿ ನಿಂತಿದ್ದಳು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ದೋಷ ಹುಡುಕಿದವರು ಎಂಬ ಕಡೆ ಕಂಬ47 ಎಂದು ಹಾಕಿದ್ದಾಗಿ ಅವನಿಗೆ ಹೇಳಿದಳು. ನಿನ್ನೆ ರಾತ್ರಿ ಹಾಕುವಾಗ ಅವನು ಯಾರೆಂದು ತನಗೆ ಗೊತ್ತಿತ್ತು, ಆದರೂ ಹಾಕಿದೆ, ಎಂದೂ ಹೇಳಿದಳು. ಅವನು ತಪ್ಪು ಎಲ್ಲಿತ್ತು ಎಂದು ಕೇಳಿದ. ಅವಳು ಹೇಳತೊಡಗಿದಳು. ಎರಡು ನಿಮಿಷ ಅವರಿಬ್ಬರು ಆಡಿದ್ದು ಠಾಣೆಯಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ಶಾಂತಾದೇವಿ ಅಡ್ಡಬರಲಿಲ್ಲ.

ಸುಗಲಮ್ಮ ಬಂದಾಗ 4.30. ಇನ್ನಿಬ್ಬರ ಹೆಸರು ಶ್ರೀಮಂತನ ಫೋನು ದಾಟಿಲ್ಲ, ಆ ಫೋನು ಜಪ್ತಿಯಲ್ಲಿದೆ ಎಂದು ಇನ್‌ಸ್ಪೆಕ್ಟರ್ ಮೊದಲು ಹೇಳಿದಳು. ಆಮೇಲೆ ತಿರುಪತಿಯ ಹೇಳಿಕೆಯನ್ನು ತಿಳಿಸಿ, ಅವನು ಕುಳಿತಿದ್ದ ಬೆಂಚಿನ ಕಡೆ ಕೈ ತೋರಿಸಿದಳು.

ಸುಗಲಮ್ಮ ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದು ಇಸ್ಮಾಯಿಲಸಾಬ ಎದ್ದು ನಡುವೆ ನಿಂತ. ಅವಳು ಬೈಯಲಿಲ್ಲ.

"ಲೈನಿನ ತಿರುಪತಿ. ನಿನಗ ಜೂನಿನಾಗ ಗೊತ್ತಾಗೇತಂತಲ್ಲೋ."

"ಹೌದ್ಬೇ."

"ಯಾವ್ಯಾವ ದೇಶಕ್ಕ ಬರದೀಯಂತ. ಟಿಪ್ಪರಿನವನ ಮುಂದ ಹೇಳೀದಿ. ವಾರಕ್ಕೆರಡು ಸಲ ನನ್ನ ಮನಿ ಮುಂದಿನ ಕಂಬ ಹತ್ತಿ ಇಳೀತಿದ್ದಿ. ನನಗ ಯಾಕ ಹೇಳ್ಲಿಲ್ಲ?"

"ನಿಮಗ ತಿಳೀತಿದ್ದಿಲ್ಲಬೇ ಅದು."

"ಕರೆಂಟ್ ಹೋಗೂ ಹೊತ್ತಿನಾಗ ಕಳಿಸಬ್ಯಾಡವ್ವ, ಕಾಲು ತಾಸು ತಡದು ಕಳಿಸು ಅಂದಿದ್ರ," ಎಂದಳು ಸುಗಲಮ್ಮ, "ನನಗ ತಿಳೀತಿತ್ತು."

 

ಸುಗಲಮ್ಮನ ಈ ಮಾತನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ರೈಟರ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಬರೆದುಕೋ ಎಂದು ಅವಳು ಕೈ ಮಾಡಿದಳು.